ಗುರುಗಳ ಹಸಿರು ನೀರು

ಜೂನ್ 9, ಸೋಮವಾರ

ಕ್ಷೌರದಂಗಡಿಗೆ ರಜೆ. ಬೆಳಗಿನಿಂದ ತಾರಸಿಯ ಮೇಲೆ ತೊಟ್ಟಿಗಳ ನಡುವೆ ಇದ್ದೆ. ಎರಡನೆಯ ವರ್ಷದ ಆ ಕೆಂಪು-ಬಿಳಿ ರಾಂಚು ಜಾತಿಯ ಚಿನ್ನದ ಮೀನನ್ನು ಬಿಳಿ ಬೋಗುಣಿಗೆ ಎತ್ತಿ ಹಾಕಿ ಮೇಲಿನಿಂದ ನೋಡಿದೆ. ರಾಂಚುವನ್ನು ನೋಡಬೇಕಾದದ್ದು ಮೇಲಿನಿಂದಲೇ. ಪಕ್ಕದಿಂದ ನೋಡುವವರು ಬೇಕಾದರೆ ಬಂಗುಡೆ ಕೊಳ್ಳಲಿ. ಬೆನ್ನ ಮೇಲೆ ರೆಕ್ಕೆ ಇರಕೂಡದು. ಬೆನ್ನು ಬಾಚಣಿಗೆಯ ಬೆನ್ನಿನಂತೆ ಬಾಗಿರಬೇಕು. ಇದರದು ಹಾಗೆಯೇ ಬಾಗಿದೆ. ಬಾಚಣಿಗೆಯ ವಿಷಯದಲ್ಲಿ ನನ್ನ ಮಾತನ್ನು ನಂಬಬಹುದು.

ಅಕ್ಟೋಬರಿನ ಪ್ರದರ್ಶನದಲ್ಲಿ ನಮ್ಮ ರಾಂಚು ಸಂಘ ಸುಮೋ ಜಟ್ಟಿಗಳ ಪಟ್ಟಿಯಂತೆಯೇ ಮೀನುಗಳ ಪಟ್ಟಿಯನ್ನು ಗೋಡೆಗೆ ಹಚ್ಚುತ್ತದೆ. ಎಲ್ಲಕ್ಕಿಂತ ಮೇಲಿನ ಸ್ಥಾನ ಪೂರ್ವದ ಒಝೆಕಿ. ಹಲವು ವರ್ಷಗಳಿಂದ ಆ ಸ್ಥಾನ ಚಾಪೆ ಹೊಲಿಯುವ ಉಕಾಯಿಯ ಮೀನುಗಳ ಪಾಲಾಗಿದೆ. ಈ ಸಲ ಆಗುವುದಿಲ್ಲ. ಎರಡನೆಯ ವರ್ಷದ ವಿಭಾಗದಲ್ಲಿ ಮೀನಿಗೆ ಬದುಕಿನಲ್ಲಿ ಒಂದೇ ಅವಕಾಶ. ನನ್ನ ವಯಸ್ಸು ನೋಡಿದರೆ ನನಗೂ ಒಂದೇ.

ಹೆಂಡತಿ ಬಟ್ಟೆ ಒಣಹಾಕಲು ಬಂದವಳು ಬೋಗುಣಿಗೆ ಇಣುಕಿದಳು. ‘ಅತ್ತೆ ಇವತ್ತು ಯಾಕೋ ದುಮುದುಮು ಅಂತಿದಾರೆ,’ ಎಂದಳು.

ಪ್ರದರ್ಶನದ ಮೀನಿಗೆ ಹೆಸರಿಡುವ ಪದ್ಧತಿಯಿಲ್ಲ. ಅದರಲ್ಲೂ ತೀರಿಹೋದ ನನ್ನ ತಾಯಿಯೆಂದು ಕರೆಯುವ ಪದ್ಧತಿ ಎಲ್ಲಿಯೂ ಇರಲಾರದು. ಕೆನ್ನೆಯ ಮಾಂಸದಲ್ಲಿ ಹೋಲಿಕೆ ಇದೆ ಎಂಬುದು ಬೇರೆ ವಿಷಯ.

ಬಲಗೈಯ ನಡುಬೆರಳಿನ ಗೆಣ್ಣಿನ ಮೇಲೊಂದು ಸಣ್ಣ ಕೆಂಪು ಗುಳ್ಳೆ. ಹೋದ ತಿಂಗಳು ತೊಟ್ಟಿಯ ಅಂಚು ತರಚಿದ ಜಾಗ. ಬರೆದಿಡುವಂಥದ್ದಲ್ಲ.

ಜೂನ್ 24

ಗುಳ್ಳೆ ಈಗ ಗಂಟಾಗಿದೆ. ನೋವಿಲ್ಲ. ಬಾಚಣಿಗೆ ಹಿಡಿದರೆ ಮಾತ್ರ ಬೆರಳು ಪೂರ್ತಿ ಮಡಚುವುದಿಲ್ಲ.

ನನ್ನ ಹತ್ತಿರ ಇದಕ್ಕೆ ಮದ್ದಿದೆ: ಗುರುಗಳ ಹಸಿರು ನೀರು. ಮೀನು ಸಾಕುವುದನ್ನು ಕಲಿಸಿದ ಗುರು ತೊಕುಮಿತ್ಸು ಅವರು ತೀರಿಕೊಳ್ಳುವ ಮುಂಚೆ ನನ್ನನ್ನೊಬ್ಬನನ್ನೇ ಕರೆದು, ಪಾಚಿ ಕಟ್ಟಿದ ತಮ್ಮ ತೊಟ್ಟಿಯ ನೀರನ್ನು ಒಂದು ಜಾಡಿಯಲ್ಲಿ ಕೊಟ್ಟಿದ್ದರು. ಮೊಸರಿಗೆ ಹೆಪ್ಪು ಹಾಕುವಂತೆ ಹೊಸ ನೀರಿಗೆ ಹಳೆಯದನ್ನು ಬೆರೆಸುತ್ತಾ ಬಂದಿದ್ದೇನೆ. ಆ ನೀರಿನ ವಂಶ ಇಂದಿಗೂ ಕಡಿದಿಲ್ಲ. ಗಾಯವಾದ ಮೀನನ್ನು ಅದರಲ್ಲಿ ಬಿಟ್ಟರೆ ವಾಸಿಯಾಗುತ್ತದೆ. ಬರಿಗೈಯಲ್ಲಿ ಮುಟ್ಟದವನಿಗೆ ಮೀನು ತಿಳಿಯದು, ನೀರೂ ತಿಳಿಯದು ಎಂದು ಗುರುಗಳು ಹೇಳುತ್ತಿದ್ದರು. ಪ್ರತಿ ವಸಂತದಲ್ಲಿ ಸಂಘದವರಿಗೆಲ್ಲ ಒಂದೊಂದು ಬಾಟಲಿ ಹಂಚುತ್ತೇನೆ. ಉಕಾಯಿಗೂ ಕೊಡುತ್ತೇನೆ. ಅರ್ಧ.

ಮೀನಿಗೆ ಆಗುವುದು ಮನುಷ್ಯನಿಗೆ ಯಾಕಾಗಬಾರದು? ಇಂದಿನಿಂದ ಬೆಳಿಗ್ಗೆ ಸಂಜೆ ಬೆರಳನ್ನು ಅದರಲ್ಲಿ ನೆನೆಹಾಕುತ್ತಿದ್ದೇನೆ.

ಜುಲೈ 8

ನೆನೆಹಾಕುತ್ತಿದ್ದೇನೆ. ಗಂಟು ಒಡೆದು ಸ್ವಲ್ಪ ಸೋರುತ್ತಿದೆ. ಒಳಗಿನ ಕೆಟ್ಟದ್ದೆಲ್ಲ ಹೊರಗೆ ಬರುತ್ತಿರುವ ಲಕ್ಷಣ.

ಜುಲೈ 22

ಕೈಯ ಹಿಂಭಾಗದಲ್ಲಿ ಎರಡನೆಯ ಗಂಟು. ನೆನೆಹಾಕುವ ಹೊತ್ತನ್ನು ಹೆಚ್ಚಿಸಿದ್ದೇನೆ.

ಇವತ್ತು ನಿವೃತ್ತ ಅಂಚೆಯವರೊಬ್ಬರು ಕುರ್ಚಿಯಲ್ಲಿ ಕುಳಿತು ಕನ್ನಡಿಯಲ್ಲೇ ನನ್ನ ಕೈ ನೋಡಿ, ‘ಹನವಾ ಸಾನ್, ಅದೇನ್ರೀ ಅದು? ನನ್ ತಲೇಗೆ ಅಂಟಿಬಿಟ್ಟಾತು!’ ಎಂದರು.

‘ಅಂಟೋಕೆ ನಿಮ್ ತಲೇಲಿ ಏನಿದೆ?’ ಎಂದೆ.

ಅವರು ನಕ್ಕರು. ಆದರೆ ಕತ್ತಿನ ಹಿಂದೆ ಕತ್ತಿ ಹಿಡಿದಾಗ ಕತ್ತನ್ನು ಆಮೆಯಂತೆ ಒಳಗೆಳೆದುಕೊಂಡರು. ಹೆಂಡತಿ ಬಂದು ಕತ್ತಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಉಳಿದದ್ದನ್ನು ತಾನೇ ಮುಗಿಸಿದಳು. ಅವಳಿಗೂ ಕ್ಷೌರದ ಪರವಾನಗಿ ಇದೆ.

‘ಸೋಮವಾರ ಡಾಕ್ಟ್ರ ಹತ್ರ ಹೋಗ್ತೀರೋ, ನಾನೇ ಎಳ್ಕೊಂಡ್ ಹೋಗ್ಲೋ?’ ಎಂದಳು.

ಜುಲೈ 28, ಸೋಮವಾರ

ಹೋದೆ. ಊರಿನಲ್ಲಿ ಚರ್ಮದ ಡಾಕ್ಟರು ಒಬ್ಬರೇ, ಶಿಬಾಯಾಮಾ. ಒಳಗೆ ಕುಳಿತ ಮೇಲೆ ನೆನಪಾಯಿತು: ಇವರು ಮದುವೆಗೆ ಮುಂಚೆ ಶಿಬಾಯಾಮಾ ಆಗಿರಲಿಲ್ಲ, ಉಕಾಯಿ ಆಗಿದ್ದರು. ಅದೇ ಉಕಾಯಿಯ ಮಗಳು.

ಗಂಟುಗಳನ್ನು ಒತ್ತಿ ನೋಡಿ ಕೇಳಿದರು: ‘ಮನೇಲಿ ಅಕ್ವೇರಿಯಂ, ಮೀನು ಗೀನು ಏನಾದ್ರೂ ಇದೆಯಾ?’

ತೊಟ್ಟಿಯಲ್ಲಿ ರೋಗ ಕಂಡವರು ಆ ವರ್ಷ ಒಂದು ಮೀನನ್ನೂ ಪ್ರದರ್ಶನಕ್ಕೆ ತರಕೂಡದು. ಇದು ಸಂಘದ ಮೊದಲ ನಿಯಮ. ಮಗಳಿಗೆ ಹೇಳಿದ್ದು ರಾತ್ರಿಯ ಊಟದೊಳಗೆ ಅಪ್ಪನ ಕಿವಿ ಸೇರುತ್ತದೆ.

‘ಇಲ್ಲ,’ ಎಂದೆ. ‘ಮೀನು ತಿಂತೀನಿ.’

‘ಮತ್ತೆ ಕೈ ಯಾವಾಗ್ಲೂ ನೀರಲ್ಲಿರುತ್ತಾ?’

‘ಗಿರಾಕಿಗಳ ತಲೆ ತೊಳೀತೀನಲ್ಲ.’

ಅವರು ಬರೆದುಕೊಂಡರು. ಗಂಟಿನ ಒಂದು ಚೂರನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಅಕ್ವೇರಿಯಂ ಇದೆಯಾ ಎಂದು ಕೇಳಿದ್ದಕ್ಕೆ ಇಲ್ಲ ಎಂದೆ. ಗಾಜಿನ ಪೆಟ್ಟಿಗೆ ನಮ್ಮಲ್ಲಿ ಒಂದೂ ಇಲ್ಲ. ಪೂರ್ತಿ ಸುಳ್ಳಲ್ಲ.

ಆಗಸ್ಟ್ 11, ಸೋಮವಾರ

ಪರೀಕ್ಷೆಯಲ್ಲಿ ಏನೂ ಬೆಳೆದಿಲ್ಲವಂತೆ. ಒಂದು ಮುಲಾಮು ಕೊಟ್ಟರು. ಡಾಕ್ಟರ ಮುಖದಲ್ಲಿ ಸಮಾಧಾನವಿರಲಿಲ್ಲ, ನನಗೆ ಸಾಕಷ್ಟಿತ್ತು. ಮೀನು ಬಹಳ ಚೆನ್ನಾಗಿ ತಿನ್ನುತ್ತಿದೆ. ಬಾಲ ಬಿಚ್ಚುವ ರೀತಿಯನ್ನು ನೋಡಿದರೆ ಉಕಾಯಿಗೆ ನಿದ್ರೆ ಬರಲಿಕ್ಕಿಲ್ಲ.

ಮುಂಗೈ ಮೇಲೆ ಮೂರನೆಯ ಗಂಟು. ಮೂರೂ ಒಂದೇ ಸಾಲಿನಲ್ಲಿ, ಬಸ್ಸಿಗೆ ನಿಂತವರಂತೆ ಮೊಣಕೈ ಕಡೆ ಮುಖ ಮಾಡಿವೆ.

ಆಗಸ್ಟ್ 18, ಸೋಮವಾರ

ಹಿರಿಯರ ಹಬ್ಬ ಮುಗಿಯಿತು. ಇವತ್ತು ಹೆಂಡತಿ ಫುಸಾಯೊ ನನ್ನ ಜೊತೆ ಬರುತ್ತೇನೆಂದು ಹಟ ಹಿಡಿದಳು. ಬೇಡವೆನ್ನಲು ಕಾರಣ ಹೊಳೆಯಲಿಲ್ಲ.

ಡಾಕ್ಟರು ತೋಳು ನೋಡಿ, ‘ವಿಚಿತ್ರ. ಮೀನು ಸಾಕೋರಲ್ಲಿ ಹೀಗೆ ನೋಡಿದೀನಿ. ನಿಮ್ಮ ಮನೇಲಿ ಮೀನಿಲ್ಲ ಅಂದ್ರಲ್ಲ...’ ಎಂದರು.

‘ಮೀನಿಲ್ವಾ?’ ಎಂದಳು ಫುಸಾಯೊ. ‘ಡಾಕ್ಟ್ರೇ, ತಾರಸಿ ತುಂಬ ತೊಟ್ಟಿ. ನನಗೆ ಬಟ್ಟೆ ಒಣಹಾಕೋಕೆ ಜಾಗ ಇಲ್ಲ. ಇವರು ದಿನಾ ಎರಡು ಹೊತ್ತು ಆ ಗಾಯಾನ ಪಾಚಿ ನೀರಲ್ಲಿ ನೆನೆಹಾಕ್ತಾರೆ. ಉಪ್ಪಿನಕಾಯಿಗೆ ಸೌತೆಕಾಯಿ ನೆನೆಹಾಕ್ದಂಗೆ!’

ಡಾಕ್ಟರು ಲೇಖನಿ ಕೆಳಗಿಟ್ಟರು. ನನ್ನ ಕೈಯನ್ನು ಮೇಲಿನಿಂದ ದಿಟ್ಟಿಸಿದರು. ಅವರ ತಂದೆಯೂ ಮೀನಿನ ಸ್ಪರ್ಧೆಯಲ್ಲಿ ಎದುರಾಳಿಯ ಬೋಗುಣಿಯನ್ನು ಹೀಗೆಯೇ ದಿಟ್ಟಿಸುತ್ತಾರೆ.

ಆಮೇಲೆ ವಿವರಿಸಿದರು. ಇದು ಕ್ಷಯದ ರೋಗಾಣುವಿನ ದಾಯಾದಿ. ಹೆಸರು ಮೈಕೋಬ್ಯಾಕ್ಟೀರಿಯ, ಬಳಗ ದೊಡ್ಡದು.

‘ದಾಯಾದಿ ಅಂದ ತಕ್ಷಣ ಮುಖ ಬಿಳಿ ಮಾಡ್ಕೋಬೇಡಿ. ಕ್ಷಯ ಮನುಷ್ಯರಿಂದ ಮನುಷ್ಯರಿಗೆ ಬರುತ್ತೆ. ಇವುಕ್ಕೆ ಮನುಷ್ಯರು ಬೇಕಾಗೇ ಇಲ್ಲ. ಮಣ್ಣು, ಕೆರೆ, ನಲ್ಲಿ ಕೊಳವೆ, ಎಲ್ಲಾದ್ರೂ ಇರ್ತಾವೆ. ತೊಟ್ಟಿ ಗೋಡೆ ಜಾರುತ್ತಲ್ಲ, ಆ ಲೋಳೇಲಿ ಮನೆ ಮಾಡ್ಕೊಂಡಿರ್ತಾವೆ. ಮೀನಿಗೆ ಹತ್ತಿದ್ರೆ ಮೀನು ಸೊರಗುತ್ತೆ. ತರಚಿದ ಕೈ ಸಿಕ್ಕಿದ್ರೆ ಕೈಗೂ ಬರ್ತಾವೆ. ಗಿರಾಕಿಗಳಿಗೆ ನಿಮ್ಮಿಂದ ಅಂಟಲ್ಲ.’

‘ಪರೀಕ್ಷೇಲಿ ಏನೂ ಬರಲಿಲ್ಲವಲ್ಲ?’ ಎಂದೆ.

‘ಪ್ರಯೋಗಾಲಯದಲ್ಲಿ ಮೈ ಬಿಸೀಲಿ ಇಟ್ಟು ಬೆಳೆಸ್ತಾರೆ. ಇವುಕ್ಕೆ ಅಷ್ಟು ಬಿಸಿ ಆಗಲ್ಲ, ತಂಪು ಬೇಕು. ಅದಕ್ಕೇ ಕೈ ಬೆರಳು ಹಿಡ್ಕೊಂಡಿರೋದು. ಮೀನು ಅಂತ ನೀವು ಅವತ್ತೇ ಬಾಯಿ ಬಿಟ್ಟಿದ್ರೆ ತಂಪಲ್ಲೂ ಇಡಿ ಅಂತ ಬರೀತಿದ್ದೆ.’

ಹೊಸ ವರ್ಷ ಕಳೆಯುವವರೆಗೂ ಮಾತ್ರೆ. ಜೊತೆಗೆ, ರೋಗಾಣುವಿಗೆ ಬಿಸಿ ಆಗದಾದ್ದರಿಂದ, ಚಳಿಗಾಲದಲ್ಲಿ ಜೇಬಿಗೆ ಹಾಕಿಕೊಳ್ಳುವ ಬಿಸಿ ಚೀಲವನ್ನು ಚರ್ಮ ಸುಡದಂತೆ ಬಟ್ಟೆಯಲ್ಲಿ ಸುತ್ತಿ ಕೈಗೆ ಕಟ್ಟಿಕೊಳ್ಳಬೇಕು. ಆಗಸ್ಟಿನಲ್ಲಿ. ತೊಟ್ಟಿಗೆ ಕೈ ಹಾಕಕೂಡದು.

ಹೊರಡುವಾಗ, ‘ನಿಮ್ಮ ತಂದೆಯವರಿಗೆ...’ ಎಂದು ಶುರುಮಾಡಿದೆ.

‘ರೋಗಿಗಳ ವಿಷಯ ನಾನು ಅಪ್ಪನಿಗೆ ಹೇಳಲ್ಲ. ನೀವೇ ಹೇಳ್ಬೇಕು. ಸಂಘದವರೆಲ್ಲರ ಹತ್ರಾನೂ ಅದೇ ನೀರಿದೆ ಅಲ್ವಾ?’

ಮಾತ್ರೆಯ ಚೀಟಿಯನ್ನು ಮಡಚಿ ಜೇಬಿಗಿಟ್ಟೆ.

ಆಗಸ್ಟ್ 21

ಅಂಗಡಿಯ ಹೊರಗೆ ಮೂವತ್ತಾರು ಡಿಗ್ರಿ, ನನ್ನ ಕೈಯಲ್ಲಿ ಅದಕ್ಕಿಂತ ಹೆಚ್ಚು. ಗಿರಾಕಿಗಳು ಕೇಳಿದರೆ ಸಂಧಿವಾತ ಎನ್ನುತ್ತೇನೆ. ಮಾತ್ರೆಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಒಳ್ಳೆಯ ಮೀನಿನಲ್ಲೂ ಇಷ್ಟು ಸ್ವಚ್ಛವಾದ ಬಣ್ಣ ಬರುವುದು ಅಪರೂಪ.

ತೊಟ್ಟಿಗಳ ಕೆಲಸ ಫುಸಾಯೊ ನೋಡುತ್ತಿದ್ದಾಳೆ. ಮೊಣಕೈವರೆಗಿನ ಗುಲಾಬಿ ಬಣ್ಣದ ರಬ್ಬರ್ ಕೈಗವಸು. ನಾನು ಕುರ್ಚಿಯಲ್ಲಿ ಕುಳಿತು ಹೇಳುತ್ತೇನೆ.

‘ನಿಧಾನ. ಬಾಲ ಮೊದಲು. ಬಾಲ!’

‘ಅತ್ತೆ ಬದುಕಿದ್ದಾಗ್ಲೂ ಹಿಂದೆ ನಿಂತು ಹೀಗೇ ಹೇಳ್ತಿದ್ರು,’ ಎಂದಳು.

ಕೈಗವಸಿನಿಂದ ಮೀನು ತಿಳಿಯದು ಎಂದು ಗುರುಗಳು ಹೇಳಿದ್ದನ್ನು ಅವಳಿಗೆ ತಿಳಿಸಿದೆ. ಗುರುಗಳ ಕೈಯಲ್ಲಿ ಗಂಟುಗಳಿರಲಿಲ್ಲವೇ ಎಂದು ಕೇಳಿದಳು. ಇದ್ದವು. ವಯಸ್ಸಾದವರ ಕೈಯೆಂದರೆ ಹಾಗೆಯೇ ಎಂದುಕೊಂಡಿದ್ದೆ.

ಸೆಪ್ಟೆಂಬರ್ 2

ಮೂರನೆಯ ತೊಟ್ಟಿಯ ಮೀನೊಂದರ ಬೆನ್ನು ಡೊಂಕಾಗುತ್ತಿರುವುದನ್ನು ಮೊದಲು ನೋಡಿದ್ದು ಫುಸಾಯೊ. ಎಷ್ಟು ತಿಂದರೂ ಸೊರಗುತ್ತಿದೆ. ಕೆಂಪು-ಬಿಳಿಯ ತೊಟ್ಟಿಯಲ್ಲಿ ಏನೂ ಕಾಣುವುದಿಲ್ಲ. ಏನೂ ಇಲ್ಲ.

ಪ್ರದರ್ಶನದಲ್ಲಿ ತೀರ್ಪುಗಾರರು ಬರಿಗೈಯಲ್ಲಿ ಒಂದು ಬೋಗುಣಿಯಿಂದ ಇನ್ನೊಂದಕ್ಕೆ ಮೀನು ಎತ್ತಿ ಹಾಕುತ್ತಾರೆ. ಅವರಿಗೆಲ್ಲ ಎಪ್ಪತ್ತು ದಾಟಿದೆ, ಚರ್ಮ ತೆಳ್ಳಗಾಗಿದೆ.

ಇದನ್ನು ಯಾಕೆ ಬರೆದೆನೋ.

ಸೆಪ್ಟೆಂಬರ್ 8, ಸೋಮವಾರ

ಉಕಾಯಿಯ ಚಾಪೆ ಅಂಗಡಿಗೆ ಹೋದೆ, ಹೇಳಿಬಿಡಬೇಕೆಂದು. ಅವನು ಒಂದು ಕೈಗೆ ಗಾಲ್ಫ್ ಕೈಗವಸು ಹಾಕಿಕೊಂಡು ಚಾಪೆ ಹೊಲಿಯುತ್ತಿದ್ದ.

‘ಗಾಲ್ಫ್ ಶುರುಮಾಡಿದ್ರಾ?’ ಎಂದೆ.

‘ಹೂಂ. ಡಾಕ್ಟ್ರು ನಡೀಬೇಕು ಅಂದಿದಾರೆ.’

‘ಮಗಳಾ?’

‘ಬೇರೆ ಡಾಕ್ಟ್ರು.’ ನನ್ನ ಕೈಯ ಬಿಸಿ ಚೀಲ ನೋಡಿ, ‘ನಿಮಗೇನು, ಚಳಿನಾ?’ ಎಂದ.

‘ಸಂಧಿವಾತ.’

ಇಬ್ಬರೂ ಬಾರ್ಲಿ ಚಹಾ ಕುಡಿದು ಹವಾಮಾನದ ಬಗ್ಗೆ ಮಾತಾಡಿದೆವು. ಈ ವರ್ಷ ಸೆಕೆ ಹೆಚ್ಚು ಎಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅವನೊಡನೆ ಒಮ್ಮತಕ್ಕೆ ಬಂದದ್ದು ಇದೇ ಮೊದಲು.

ಮನೆಗೆ ಬಂದಾಗ ಫುಸಾಯೊ, ‘ಹೇಳಿದ್ರಾ?’ ಎಂದಳು. ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ. ತಣ್ಣನೆಯ ಶಾವಿಗೆ ಮಾಡಿದ್ದಳು. ಊಟದ ಕಡ್ಡಿ ಹಿಡಿಯಲಾಗದ ನನಗೆ ಫೋರ್ಕು ಇಟ್ಟಿದ್ದಳು, ತನಗೂ ಫೋರ್ಕನ್ನೇ ಇಟ್ಟುಕೊಂಡಿದ್ದಳು. ಶಾವಿಗೆ ಇಬ್ಬರಿಗೂ ಜಾರಿ ಜಾರಿ ಬೀಳುತ್ತಿತ್ತು.

ಸೆಪ್ಟೆಂಬರ್ 15, ಸೋಮವಾರ

ಪ್ರದರ್ಶನದ ಪೂರ್ವಭಾವಿ ಸಭೆ, ಸೋಬಾ ಶಾವಿಗೆಯ ಅಂಗಡಿಯ ಮಹಡಿಯ ಮೇಲೆ.

ಅಧ್ಯಕ್ಷ ಕಾಕೆಹಾಶಿಯವರ ಹೆಬ್ಬೆರಳಿಗೆ ಬ್ಯಾಂಡೇಜು. ‘ಬೆಕ್ಕು ಪರಚ್ತು,’ ಎಂದರು. ಅವರ ಮನೆಯಲ್ಲಿ ಬೆಕ್ಕಿಲ್ಲ. ರಾಂಚು ಸಾಕುವ ಯಾರ ಮನೆಯಲ್ಲೂ ಬೆಕ್ಕಿರುವುದಿಲ್ಲ. ಬಸ್ ಚಾಲಕ ಮುಗುರುಮಾನ ಮಣಿಕಟ್ಟಿಗೆ ಪಟ್ಟಿ: ಗುಲಾಬಿ ಮುಳ್ಳು. ಅವನು ಇರುವುದು ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿ. ಉಕಾಯಿ ಗಾಲ್ಫ್ ಕೈಗವಸಿನಲ್ಲೇ ಸೋಬಾ ತಿನ್ನುತ್ತಿದ್ದ. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಎಲ್ಲರೂ ಒಬ್ಬರಿಗೊಬ್ಬರು ಅತ್ಯಂತ ಸೌಜನ್ಯದಿಂದ ಎಡಗೈಯಲ್ಲಿ ಸಾಸ್ ದಾಟಿಸುತ್ತಿದ್ದರು.

ಆ ಎಡಗೈಗಳನ್ನು ನೋಡುತ್ತಾ ಕುಳಿತೆ. ಅಧ್ಯಕ್ಷರು, ‘ಹಾಗಾದ್ರೆ ಈ ಸಲ ಎಲ್ಲರ ತೊಟ್ಟಿಯೂ ಆರೋಗ್ಯವಾಗಿದೆ ತಾನೇ?’ ಎಂದು ಪ್ರತಿ ವರ್ಷದಂತೆ ಕೇಳಿದರು. ಪ್ರತಿ ವರ್ಷದಂತೆ ಎಲ್ಲರೂ ಹೂಂ ಎಂದರು. ನಾನೂ ಎನ್ನಬೇಕೆಂದೇ ಬಾಯಿ ತೆರೆದದ್ದು.

‘ನಮ್ಮನೆ ಮೀನು ಈ ಸಲ ಬರಲ್ಲ,’ ಎಂದೆ. ಅಂಗಿಯ ತೋಳು ಮಡಚಿ ಕೈಯನ್ನು ಮೇಜಿನ ಮೇಲಿಟ್ಟೆ. ‘ಇದು ಸಂಧಿವಾತ ಅಲ್ಲ. ನೀರಲ್ಲಿ ರೋಗ ಇದೆ, ಗುರುಗಳ ನೀರಲ್ಲಿ. ನಿಮಗೆಲ್ಲ ಬಾಟಲೀಲಿ ತುಂಬಿ ಕೊಟ್ಟೋನು ನಾನೇ.’

ಕೆಳಗಡೆ ಯಾರೋ ಟೆಂಪುರಾ ಕರಿಯುವ ಸದ್ದು ಕೇಳುತ್ತಿತ್ತು.

‘ಬಾಟಲಿ ಮೇಲೆ “ಅಮೂಲ್ಯ” ಅಂತ ಬೇರೆ ಬರ್ದಿದ್ರಿ, ಪುಣ್ಯಾತ್ಮ,’ ಎಂದ ಮುಗುರುಮಾ, ಪಟ್ಟಿ ಬಿಚ್ಚುತ್ತಾ.

ಅಧ್ಯಕ್ಷರು ಹೆಬ್ಬೆರಳನ್ನು ಹೊರತೆಗೆದರು. ‘ಬೆಕ್ಕಿನ ವಿಷಯ ವಾಪಸ್ ತಗೊಂಡೆ,’ ಎಂದರು.

ಉಕಾಯಿ ಎಲ್ಲರಿಗಿಂತ ಕೊನೆಗೆ ಕೈಗವಸು ಎಳೆದ. ಒಳಗಿನ ಕೈ ನನ್ನದಕ್ಕಿಂತ ಹೆಚ್ಚು ಊದಿತ್ತು. ‘ನಂಗೆ ಗಾಲ್ಫೇ ಬರಲ್ಲ,’ ಎಂದ. ‘ಮಗಳಿಗೆ ಗೊತ್ತಾದ್ರೆ ತೊಟ್ಟಿ ಎಲ್ಲ ಒಡೆದು ಹಾಕ್ತಾಳೆ ಅಂತ... ಅಲ್ಲ ಮಾರಾಯ, ನಂಗೆ ಅರ್ಧ ಬಾಟಲಿ ತಾನೇ ಕೊಟ್ಟಿದ್ದು? ಅದ್ರಲ್ಲೇ ಇಷ್ಟಾಯ್ತಾ?’

ಪ್ರದರ್ಶನ ರದ್ದಾಯಿತು. ಯಾರ ವಿರೋಧವೂ ಇರಲಿಲ್ಲ. ದಾರಿಯಲ್ಲಿ ಬರುವಾಗ ಕೈ ಹಗುರವಾಗಿತ್ತು. ಬಿಸಿ ಚೀಲವನ್ನು ಸೋಬಾ ಅಂಗಡಿಯಲ್ಲೇ ಮರೆತು ಬಂದದ್ದರಿಂದಿರಬೇಕು.

ಸೆಪ್ಟೆಂಬರ್ 23

ಮೀನುಗಳನ್ನು ಪರೀಕ್ಷಿಸುವ ಅಧಿಕಾರಿ ಬಂದು ನೋಡಿದರು. ಸೊರಗಿದವನ್ನು ಉಳಿಸಿಕೊಳ್ಳುವಂತಿಲ್ಲ. ಉಳಿದವು ಬದುಕಬಹುದು, ಆದರೆ ಈ ತಾರಸಿಯಿಂದ ಇಳಿಯುವಂತಿಲ್ಲ, ಮರಿ ಮಾಡುವಂತಿಲ್ಲ. ಕೆಂಪು-ಬಿಳಿಯೂ ಅಷ್ಟೇ. ಮುಂದಿನ ವರ್ಷವೂ ಇಲ್ಲ, ಎಂದಿಗೂ ಇಲ್ಲ.

ಸೊರಗಿದ ಮೀನುಗಳನ್ನು ಫುಸಾಯೊ ಲವಂಗದ ಎಣ್ಣೆ ಬೆರೆಸಿದ ನೀರಿಗೆ ಬಿಟ್ಟಳು. ಅವು ಅದರಲ್ಲಿ ನಿದ್ದೆಹೋಗುತ್ತವೆ, ಏಳುವುದಿಲ್ಲ. ತಾರಸಿಯೆಲ್ಲ ಹಲ್ಲಿನ ಡಾಕ್ಟರ ಅಂಗಡಿಯ ವಾಸನೆ. ಹಸಿರು ನೀರನ್ನು ಹಾಗೆಯೇ ಕಾಲುವೆಗೆ ಬಿಡಬಾರದೆಂದು ಗಟ್ಟಿಯಾಗಿ ಬ್ಲೀಚಿಂಗ್ ಪುಡಿ ಬೆರೆಸಿ ಇಟ್ಟೆವು. ಸಂಜೆಯೊಳಗೆ ಹಸಿರು ಹೋಗಿ ಮಾಮೂಲಿ ನೀರಾಯಿತು.

ಕರವಸ್ತ್ರದ ಮೇಲೆ ಕಿತ್ತಳೆ ಕಲೆ. ‘ಮಾತ್ರೆಯ ಪರಿಣಾಮ,’ ಎಂದು ಫುಸಾಯೊಗೆ ಹೇಳಿದೆ.

‘ಬಣ್ಣ ಮಾತ್ರೇದು ಸರಿ. ನೀರು ಎಲ್ಲಿಂದ ಬಂತು?’ ಎಂದಳು.

ಅಕ್ಟೋಬರ್ 5, ಭಾನುವಾರ

ಪ್ರದರ್ಶನದ ದಿನ. ಸಭಾಂಗಣದ ಬಾಡಿಗೆ ಮೊದಲೇ ಕೊಟ್ಟಾಗಿತ್ತು. ಶಿಬಾಯಾಮಾ ಡಾಕ್ಟರು ಅದನ್ನು ಕೇಳಿ, ‘ಸರಿ, ಎಲ್ಲರೂ ಬನ್ನಿ. ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗೋ ತಾಳ್ಮೆ ನನಗಿಲ್ಲ,’ ಎಂದರಂತೆ. ಉದ್ದನೆಯ ಮೇಜಿನ ಮೇಲೆ ಹೊಚ್ಚಹೊಸ ಬಿಳಿ ಬೋಗುಣಿಗಳ ಸಾಲು, ಪ್ರತಿಯೊಂದರಲ್ಲೂ ಒಬ್ಬ ಸದಸ್ಯನ ಕೈ. ನೀರಿಲ್ಲ. ಡಾಕ್ಟರು ಭೂತಗನ್ನಡಿ ಹಿಡಿದು ಒಂದೊಂದೇ ಬೋಗುಣಿಯ ಮುಂದೆ ಬಾಗುತ್ತಾ, ಮೇಲಿನಿಂದ ನೋಡುತ್ತಾ ಹೋದರು.

ಅಧ್ಯಕ್ಷ ಕಾಕೆಹಾಶಿಯವರು ಕುಂಚ, ಮಸಿ ತಂದಿದ್ದರು. ಅಭ್ಯಾಸಬಲವೆಂದರು. ಡಾಕ್ಟರು ಮುಂದೆ ಹೋದಂತೆಲ್ಲ ಹಿಂದಿನಿಂದ ಪಟ್ಟಿ ಬರೆಯತೊಡಗಿದರು. ಪೂರ್ವದ ಒಝೆಕಿ: ಹನವಾ. ಗಂಟುಗಳ ಸಾಲು ನೇರ, ಅಂತರ ಸಮ, ಮೊಣಕೈವರೆಗೆ ಲಕ್ಷಣವಾಗಿ ಏರಿದೆ.

‘ಇದು ಅನ್ಯಾಯ!’ ಎಂದ ಉಕಾಯಿ. ‘ನಂದು ಮೊಣಕೈ ದಾಟಿದೆ. ಊತ ನೋಡಿ, ಗಾತ್ರ ನೋಡಿ!’

‘ಅಪ್ಪಾ, ನೀವು ಅನರ್ಹ,’ ಎಂದರು ಡಾಕ್ಟರು, ತಲೆಯೆತ್ತದೆ. ‘ಪ್ರತಿ ಭಾನುವಾರ ನನ್ನೆದುರಿಗೇ ಊಟಕ್ಕೆ ಕೂತು ಗಾಲ್ಫ್ ಬಗ್ಗೆ ಭಾಷಣ ಮಾಡಿದೀರಿ.’

‘ಅವನೂ ನಿಂಗೆ ಸುಳ್ಳು ಹೇಳಿದ್ದ!’

‘ಅವರು ನನ್ನ ಅಪ್ಪ ಅಲ್ಲ.’

ಪಟ್ಟಿ ಗೋಡೆಗೇರಿತು. ನಾನೆದ್ದು ಶಾಸ್ತ್ರೋಕ್ತವಾಗಿ ತಲೆಬಾಗಿದೆ. ಚಪ್ಪಾಳೆ ನಿಜವಾದದ್ದೇ ಎಂದು ಹೇಳಬಲ್ಲೆ. ಒಂದು ಕೈ ನೋಯುತ್ತಿದ್ದವರು ತೊಡೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಫುಸಾಯೊ ನಕ್ಕು ನಕ್ಕು ಪಕ್ಕದವರ ಮೇಲೆ ಒರಗಿದ್ದಳು. ಅವಳು ಹಾಗೆ ನಗುವಾಗ ಒಂದು ಕಣ್ಣು ಪೂರ್ತಿ ಮುಚ್ಚಿಹೋಗುತ್ತದೆ. ಅದೇನು ಮೊದಲಿನಿಂದಲೂ ಹಾಗೆಯೇ ಇತ್ತೇ, ಕೇಳಬೇಕು.

ನವೆಂಬರ್ 3, ಸೋಮವಾರ

ರಜೆ. ಒಂದು ಗಂಟು ಪೂರ್ತಿ ಹೋಗಿದೆ, ಉಳಿದವು ಚಪ್ಪಟೆಯಾಗುತ್ತಿವೆ. ನಡುಬೆರಳು ಈಗ ಮಡಚುತ್ತದೆ. ಡಾಕ್ಟರು ಮಾತ್ರೆ ಬಿಡಕೂಡದು ಎಂದಿದ್ದಾರೆ.

ಫುಸಾಯೊ ಕೈಗವಸು ಏರಿಸಿಕೊಂಡು ಕೆಂಪು-ಬಿಳಿಯನ್ನು ಬೋಗುಣಿಗೆ ಎತ್ತಿ ಹಾಕಿದಳು. ನೀರು ಕದಲದಂತೆ ಎತ್ತುತ್ತಾಳೆ. ಅದನ್ನು ನಾನು ಹೇಳಿಕೊಟ್ಟದ್ದಲ್ಲ.

‘ಏನ್ರೀ, ಅತ್ತೆ ಬೆನ್ನು ನೋಡಿ. ಸ್ವಲ್ಪ ಎಡಕ್ಕೆ ಓರೆ ಆಗಿದೆ ಅನ್ಸಲ್ವಾ?’

ಬಾಗಿ ನೋಡಹೋದೆ. ನನ್ನೆದುರಿಗೇ ಅವಳೂ ಬಾಗಿದ್ದಳು. ಅವಳ ಕತ್ತಿನ ಹಿಂದೆ ಕೂದಲು ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಯಾರು ಕತ್ತರಿಸಿದ್ದೆಂದು ಕೇಳಿದೆ.

‘ನಾನೇ. ಬಚ್ಚಲ ಕನ್ನಡೀಲಿ.’

‘ಯಾವಾಗಿಂದ?’

‘ಮದುವೆ ಆದಾಗಿಂದ. ಸೋಮವಾರ ರಜೆ ಅಂತೀರಲ್ಲ.’

ಕೆಳಗೆ ಕರೆದುಕೊಂಡು ಹೋಗಿ ಅಂಗಡಿಯ ದೀಪ ಹಾಕಿದೆ. ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿದೆ. ‘ರಜಾ ದಿನ ದೀಪ ಉರಿಯೋದು ನೋಡಿ ಜನ ಬಂದಾರು,’ ಎಂದಳು. ಬಾಗಿಲಿನ ‘ರಜೆ’ ಬೋರ್ಡನ್ನು ತಿರುಗಿಸಲಿಲ್ಲ. ಎಡಭಾಗವನ್ನು ಬಲಕ್ಕೆ ಸರಿಹೊಂದಿಸಿದೆ, ಆಮೇಲೆ ಬಲವನ್ನು ಎಡಕ್ಕೆ. ಬೆರಳು ಇನ್ನೂ ನಿಧಾನ, ಮಧ್ಯಾಹ್ನವಾಯಿತು. ಅವಳು ಕುರ್ಚಿಯಲ್ಲೇ ನಿದ್ದೆಹೋದಳು. ನಾನು ಕತ್ತಿಯಿಂದ ಕತ್ತಿನ ಅಂಚು ಸರಿಪಡಿಸಿದೆ. ಅವಳು ಕತ್ತನ್ನು ಒಳಗೆಳೆದುಕೊಳ್ಳಲಿಲ್ಲ.

ಮೀನಿನ ಬೆನ್ನು ನೋಡಿದೆನೋ ಇಲ್ಲವೋ ನೆನಪಾಗುತ್ತಿಲ್ಲ. ನಾಳೆ ನೋಡಿದರಾಯಿತು.